ಒಗ್ಗರಣೆಯ ಹೊಗೆಗೊಂದು ದಾರಿ

ಮನೆ ಕಟ್ಟಿಸಲು ಬಂದವರ ಮುಂದೆ ನಕ್ಷೆ ಹರಡಿದಾಗ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಗಿಲು ಪೂರ್ವಕ್ಕೆ ಬರುತ್ತದಾ, ದೇವರ ಮನೆ ಈಶಾನ್ಯದಲ್ಲಿದೆಯಾ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಎಷ್ಟಾಗುತ್ತದೆ, ಕಾರು ನಿಲ್ಲಿಸಲು ಜಾಗ ಸಾಕಾ. ತಿಪಟೂರಿನ ಸುತ್ತಮುತ್ತ ಮನೆ ಕಟ್ಟಿಸುವ ಎಂಜಿನಿಯರ್ ಆಗಿ ಬಹಳ ವರ್ಷವಾಯಿತು. ಅಡುಗೆಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ತಾವಾಗಿ ಕೇಳಿದವರು ತೀರಾ ಕಡಿಮೆ, ಕೇಳಿದವರೆಲ್ಲ ಹೆಂಗಸರೇ. ಹಾಗಾಗಿ ಈಗ ಪೆನ್ಸಿಲ್ ಹಿಡಿಯುವ ಮೊದಲು ನಾನೇ ಕೇಳುತ್ತೇನೆ: ಅಡುಗೆ ಮಾಡುವವರು ಯಾರು, ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ ಇರುತ್ತಾರೆ, ಮನೆಯಲ್ಲಿ ಕೆಮ್ಮು-ಉಬ್ಬಸ ಇರುವವರು ಉಂಟೇ?

ಈ ಪ್ರಶ್ನೆ ನನಗೆ ಬಂದದ್ದು ಕಾಲೇಜಿನ ಪಾಠದಿಂದಲ್ಲ, ನಮ್ಮಮ್ಮನ ಎದೆಯಿಂದ. ನಮ್ಮದು ತೆಂಗಿನ ಸೀಮೆ. ಒಲೆಗೆ ಹಾಕುವುದು ಗರಿ, ಮಟ್ಟೆ, ಕರಟ. ಕರಟ ಧಗಧಗ ಉರಿಯುತ್ತದೆ; ಹಸಿ ಮಟ್ಟೆ ಉರಿಯುವ ಬದಲು ಹೊಗೆಯಾಡುತ್ತದೆ. ಮಳೆಗಾಲದಲ್ಲಿ ಊದುಗೊಳವೆ ಹಿಡಿದು ಊದೂದಿ ಅಮ್ಮನ ಕಣ್ಣು ಕೆಂಡವಾಗಿರುತ್ತಿತ್ತು. ಹೆಂಚಿನ ಮಾಡಿನ ಕೆಳಗೆ ಇಲ್ಲಣ ಜೋಲಾಡುತ್ತಿತ್ತು. ಒಂದು ಬೀಡಿಯನ್ನೂ ಮುಟ್ಟದ ಅಮ್ಮನಿಗೆ ಐವತ್ತು ದಾಟುವ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟತೊಡಗಿತು. ಊದುವ ಪರೀಕ್ಷೆ ಮಾಡಿಸಿದ ವೈದ್ಯರು ಸಿಒಪಿಡಿ ಎಂದರು, ಅಂದರೆ ಶ್ವಾಸನಾಳಗಳು ಕಿರಿದಾಗಿ, ಮತ್ತೆ ಮೊದಲಿನಂತಾಗದ ಕಾಯಿಲೆ. ಬೀಡಿ-ಸಿಗರೇಟು ಸೇದುವ ಗಂಡಸರ ರೋಗ ಎಂದೇ ನಾವೆಲ್ಲ ತಿಳಿದಿದ್ದೆವು. ಅಮ್ಮ ಹೇಳಿದ್ದು ಇಷ್ಟೇ: "ಹೊಗೆ ಕುಡೀದೆ ಅಡುಗೆ ಆಗ್ತದೇನವ್ವಾ?"

ಆ ಹೊಗೆಯ ಲೆಕ್ಕ ಮೊದಲು ಹಿಡಿದವರಲ್ಲಿ ಅಮೆರಿಕದ ವಿಜ್ಞಾನಿ ಕಿರ್ಕ್ ಸ್ಮಿತ್ ಒಬ್ಬರು. ಭಾರತೀಯ ಸಹೋದ್ಯೋಗಿಗಳ ಜೊತೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುತ್ತಿದ್ದ ಹೆಂಗಸರ ಮೈಗೇ ಗಾಳಿ ಅಳೆಯುವ ಪುಟ್ಟ ಸಾಧನ ತೊಡಿಸಿದರು. 1983ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಡುಗೆಯ ಹೊತ್ತಿನಲ್ಲಿ ಒಂದು ಘನಮೀಟರ್ ಗಾಳಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ ಹೊಗೆಕಣ ಸಿಕ್ಕಿತು. ಉಸಿರಾಡಲು ಒಪ್ಪುವಂಥ ಗಾಳಿಯಲ್ಲ ಅದು. ವಾಯುಮಾಲಿನ್ಯವೆಂದರೆ ಊರಾಚೆಯ ಚಿಮಣಿ, ಲಾರಿಯ ಹೊಗೆ ಎಂದುಕೊಂಡಿದ್ದ ಲೋಕ ಮನೆಯ ಒಳಗೆ ತಿರುಗಿ ನೋಡಿದ್ದು ಅಂಥ ಅಳತೆಗಳಿಂದಲೇ.

ನಮಗೆ ಇನ್ನೂ ಹತ್ತಿರದ ಲೆಕ್ಕವೊಂದು ಮೈಸೂರು ಜಿಲ್ಲೆಯದು. ಅಲ್ಲಿನ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯ ಸಂಶೋಧಕರು 2013ರಲ್ಲಿ ಸರಳವಾದ ಅಳತೆಯನ್ನು ಮುಂದಿಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಇರುತ್ತೀರಿ ಎಂಬುದನ್ನು ಎಷ್ಟು ವರ್ಷದಿಂದ ಎಂಬುದರಿಂದ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ, ಅಂದರೆ ಬಿಡದ ಕೆಮ್ಮು-ಕಫದ, ಅಪಾಯ ಎದ್ದು ಕಾಣುವಷ್ಟು ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ನಲವತ್ತರ ಒಳಗೇ ಆ ಗೆರೆ ದಾಟಿರುತ್ತಾಳೆ. ನಮ್ಮಮ್ಮ ದಾಟಿದ್ದು ಯಾವಾಗಲೋ.

ಹೊಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದು ಹೆಚ್ಚು ಕೆಟ್ಟದ್ದು. ಪಿಎಂ 2.5 ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಮೂಗಿನ ಕೂದಲಿಗೆ ಸಿಕ್ಕುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ. ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೂ ಇಳಿಯುತ್ತದೆ. ಅದರಲ್ಲೂ ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಕೆಟ್ಟ ಗಾಳಿ ಎಂದರೆ ಕೆಮ್ಮಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿದ್ದಿದ ಮಿತಿಯ ಪ್ರಕಾರ ಘನಮೀಟರ್ ಗಾಳಿಯಲ್ಲಿ ಈ ಕಣ ವರ್ಷದ ಸರಾಸರಿ 5 ಮೈಕ್ರೋಗ್ರಾಂ, ಒಂದು ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಿತಿ ಕ್ರಮವಾಗಿ 40 ಮತ್ತು 60. ಅದೂ ಹೊರಗಿನ ಗಾಳಿಗೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅಲ್ಲೆಲ್ಲ ಅಳೆಯುವುದು ರಸ್ತೆಯ ಗಾಳಿಯನ್ನು. ಅಡುಗೆಮನೆಯ ಗಾಳಿ ಅಳೆಯಲು ಯಾರೂ ಬರುವುದಿಲ್ಲ.

ಹಿಂದಿನವರಿಗೆ ಇದು ತಿಳಿದಿರಲಿಲ್ಲ ಎನ್ನಲಾಗದು. ಹಳೆಯ ಮನೆಗಳ ಒಲೆಯ ಮೇಲೆ ಹೊಗೆಗೂಡು ಇರುತ್ತಿತ್ತು, ಮಾಡಿನಲ್ಲಿ ಬೆಳಕಿಂಡಿ, ನಡುವೆ ತೊಟ್ಟಿ. ಅಡುಗೆಮನೆ ಆಗ್ನೇಯದಲ್ಲಿರಲಿ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ; ಆಗ್ನೇಯದ ಹೊಗೆಯನ್ನು ಅದು ಕೋಣೆಗಳತ್ತ ತಾರದೆ ಆಚೆಗೇ ತಳ್ಳುತ್ತದೆ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಆಗ್ನೇಯದ ಕಿಟಕಿ ತೆರೆದರೆ ಎದುರಿಗೇ ಪಕ್ಕದ ಮನೆಯ ಗೋಡೆ. ದಿಕ್ಕು ಸರಿಯಾದರೆ ಸಾಲದು, ಗಾಳಿ ಓಡಾಡಬೇಕು.

ನಮ್ಮ ಜಿಲ್ಲೆಯಲ್ಲೇ ಈ ವಿಷಯದಲ್ಲಿ ದೊಡ್ಡ ಕೆಲಸವೊಂದು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಹಳ್ಳಿಗಳಿಗೆಂದೇ ಅಸ್ತ್ರ ಎಂಬ ಕೇಂದ್ರ ತೆರೆದು, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆ ನಡೆಸಿತು. ಅಲ್ಲಿನವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಕೂರುತ್ತಿದ್ದವು. ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಸೌದೆ ಉಳಿಯಿತು, ಹೊಗೆ ಮಾಡಿನಾಚೆ ಹೋಯಿತು. ಆದರೆ ಕೊಳವೆಯೊಳಗೆ ಮಸಿ ಕಟ್ಟಿಕೊಂಡು, ತೆಗೆಸದೆ ಬಿಟ್ಟರೆ ಅದೇ ಹೊಗೆ ಮತ್ತೆ ಒಳಗೇ ಸುತ್ತುತ್ತದೆ. ಈಗಿನ ಹೊಳೆಯುವ ಚಿಮಣಿಗೂ ಈ ಮಾತು ಅಷ್ಟೇ ನಿಜ. ಆ ವಿಷಯಕ್ಕೆ ಬರುತ್ತೇನೆ.

2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂತು. ಬಹಳ ಒಳ್ಳೆಯ ಕೆಲಸ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ದೇಶದಲ್ಲಿ ಶೇ 58.6 ಮಾತ್ರ. ನಮ್ಮ ಕಡೆ ಗ್ಯಾಸ್ ಇರುವ ಮನೆಯಲ್ಲೂ ಮುದ್ದೆಗೆ, ಹಂಡೆಯ ನೀರಿಗೆ ಸೌದೆಯೇ. ಬಚ್ಚಲ ಒಲೆಯ ಬಾಯಿ ಮನೆಯೊಳಗಿದ್ದರೆ ಮೊದಲು ಅದನ್ನು ಹೊರಗೋಡೆಯ ಕಡೆಗೆ ತಿರುಗಿಸಿ, ಸೌದೆಯನ್ನು ಹೊರಗಿನಿಂದಲೇ ಒಡ್ಡುವಂತೆ ಮಾಡಿಸಿ. ಒಬ್ಬ ಮೇಸ್ತ್ರಿಯ ಒಂದೆರಡು ದಿನದ ಕೆಲಸ. ಮನೆಯ ಗಾಳಿಗೆ ಇಷ್ಟು ಅಗ್ಗದ ಉಪಕಾರ ಬೇರೊಂದಿಲ್ಲ.

ಗ್ಯಾಸ್ ಬಂದ ಮೇಲೆ ಹೊಗೆ ಮುಗಿಯಿತು ಎನ್ನುವುದೂ ತಪ್ಪು. ಕೈಯಲ್ಲಿ ಹಿಡಿಯುವ ಪಿಎಂ 2.5 ಮಾಪಕವೊಂದನ್ನು ನಾನು ಮನೆ ತೋರಿಸುವಾಗ ಜೊತೆಗಿಟ್ಟುಕೊಳ್ಳುತ್ತೇನೆ. ಅನ್ನ ಬೇಯುವಾಗ ಅಂಕಿ ಹೆಚ್ಚು ಕದಲುವುದಿಲ್ಲ. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದೊಡನೆ ನೂರುಗಳಲ್ಲಿ ಜಿಗಿಯುತ್ತದೆ. ಪಡಸಾಲೆಯಲ್ಲಿ ಕೂತವರು ಒಗ್ಗರಣೆ ಘಾಟಿಗೆ ಕೆಮ್ಮುತ್ತಾರಲ್ಲ, ಒಲೆಯ ಪಕ್ಕದಲ್ಲೇ ನಿಂತವಳ ಪಾಡು ಯೋಚಿಸಿ. ಗ್ಯಾಸ್ ಉರಿಯೇ ಸಾರಜನಕದ ಡೈಆಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸುತ್ತದೆ. ಅದು ಉಬ್ಬಸದ ಮಕ್ಕಳಿಗೆ ಕೆಟ್ಟದ್ದು. ಇಂಡಕ್ಷನ್ ಒಲೆಯಲ್ಲಿ ಈ ಅನಿಲವಿಲ್ಲ, ಎಣ್ಣೆಹೊಗೆ ಮಾತ್ರ ಹಾಗೆಯೇ ಇರುತ್ತದೆ. ಉರಿ ನೀಲಿಯಿಲ್ಲದೆ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಬರ್ನರ್ ಬಿಚ್ಚಿ ತೂತುಗಳನ್ನು ಶುಚಿ ಮಾಡಿಸಬೇಕು.

ಇನ್ನು ಎಕ್ಸಾಸ್ಟ್ ಫ್ಯಾನ್. ಮನೆ ಕಟ್ಟುವವರು ಇದನ್ನು ನಿಧಾನವಾಗಿ ಓದಬೇಕೆಂದು ನನ್ನ ಆಸೆ, ಯಾಕೆಂದರೆ ಗೋಡೆಯಲ್ಲಿ ಬಿಡುವ ಒಂದು ತೂತು ಮುಂದಿನ ಮೂವತ್ತು ವರ್ಷ ಒಬ್ಬರ ಉಸಿರನ್ನು ನಿರ್ಧರಿಸುತ್ತದೆ. ಬಿಸಿ ಹೊಗೆ ಮೇಲಕ್ಕೇರುವುದರಿಂದ ಫ್ಯಾನ್ ಒಲೆಯ ಹತ್ತಿರ, ಎತ್ತರದಲ್ಲಿ, ಸೂರಿಗೆ ಸಮೀಪವಾಗಿ ಕೂರಬೇಕು. ಒಲೆ ಒಂದು ಮೂಲೆಗೆ, ಫ್ಯಾನ್ ಇನ್ನೊಂದು ಮೂಲೆಗೆ ಬಂದರೆ ಹೊಗೆ ಅಡುಗೆಯವಳ ಮುಖ ಸವರಿಕೊಂಡೇ ಹೋಗುತ್ತದೆ. ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಅದು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಬಿಸಾಡುತ್ತಿರುತ್ತದೆ, ಒಲೆಯ ಹೊಗೆ ಇದ್ದಲ್ಲೇ ಇರುತ್ತದೆ. ಹತ್ತಿರದ ಕಿಟಕಿ ಮುಚ್ಚಿ, ಎದುರಿನ ಕಿಟಕಿಯನ್ನೋ ಬಾಗಿಲನ್ನೋ ತುಸು ತೆರೆದಿಡಿ. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಫ್ಯಾನ್ ಸದ್ದು ಮಾಡುತ್ತದೆ, ಕೆಲಸ ಮಾಡುವುದಿಲ್ಲ. ಒಳಗೆ ಬಾರದ ಗಾಳಿ ಹೊರಗೆ ಹೋಗುವುದಾದರೂ ಹೇಗೆ?

ಎಷ್ಟು ದೊಡ್ಡ ಫ್ಯಾನ್ ಬೇಕು? ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆ ಎಂದರೆ 800 ಘನ ಅಡಿ, ಸುಮಾರು 23 ಘನಮೀಟರ್. ಗಂಟೆಗೆ ಹದಿನೈದು ಸಲ ಆ ಗಾಳಿ ಬದಲಾಗಲಿ ಎಂದು ನಾನು ಲೆಕ್ಕ ಹಾಕುತ್ತೇನೆ. ಗಂಟೆಗೆ 345 ಘನಮೀಟರ್ ಆಯಿತು. ಫ್ಯಾನಿನ ಡಬ್ಬದ ಮೇಲೆ ಈ ಅಂಕಿ ಮುದ್ರಿಸಿರುತ್ತಾರೆ, ಬಣ್ಣ ನೋಡುವ ಮೊದಲು ಅದನ್ನು ನೋಡಿ. ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ.

ಚಿಮಣಿ ಹಾಕಿಸುವವರಿಗೆ ಒಂದೇ ಕಿವಿಮಾತು: ಹೊಗೆ ಗೋಡೆಯಾಚೆ ಹೋಗುವ ಪೈಪು ಇರುವುದನ್ನೇ ಕೊಳ್ಳಿ. ಪೈಪಿಲ್ಲದ ಬಗೆಯದು ಎಣ್ಣೆಯ ಪಸೆಯನ್ನು ಹಿಡಿದು, ಇದ್ದಿಲಿನ ಪದರದಲ್ಲಿ ವಾಸನೆ ತಗ್ಗಿಸಿ, ಉಳಿದ ಗಾಳಿಯನ್ನು ನಿಮ್ಮ ಮುಖಕ್ಕೇ ಬಿಡುತ್ತದೆ. ಪೈಪು ಚಿಕ್ಕದಿರಲಿ, ನುಣುಪಾಗಿರಲಿ. ಪ್ರತಿ ತಿರುವಿಗೂ ಎಳೆತ ಕುಗ್ಗುತ್ತದೆ. ಕಪಾಟಿನ ಅಂದ ಕೆಡಬಾರದೆಂದು ಪೈಪನ್ನು ನಾಲ್ಕು ಕಡೆ ಮಡಚಿದ ಮನೆಗಳಿವೆ, ಅಲ್ಲಿ ಚಿಮಣಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆಯೇ. ಜಾಲರಿಯಲ್ಲಿ ಜಿಡ್ಡು ಕಟ್ಟಿದಾಗ ಬಿಸಿನೀರು-ಸೋಪಿನಲ್ಲಿ ತೊಳೆಯದಿದ್ದರೆ ಅಸ್ತ್ರ ಒಲೆಯ ಮಸಿ ಕಟ್ಟಿದ ಕೊಳವೆಯ ಗತಿಯೇ ಇದಕ್ಕೂ.

ಮಲಗುವ ಕೋಣೆಗೆ ಬರೋಣ. ಸಂಜೆ ಐದಕ್ಕೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತೇವೆ, ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುತ್ತೇವೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಪಿಎಂ 2.5 ಕಣ 75ರಿಂದ 137 ಸಿಗರೇಟು ಉರಿದಷ್ಟಿತ್ತು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅದನ್ನು ಹಚ್ಚುತ್ತಿದ್ದೇವೆ. ಬತ್ತಿಗೆ ವರ್ಷವಿಡೀ ಸುರಿಯುವ ದುಡ್ಡನ್ನು ಎಲ್ಲ ಕಿಟಕಿಗೂ ಸೊಳ್ಳೆ ಜಾಲರಿ ಹಾಕಿಸಲು, ಒಂದು ಸೊಳ್ಳೆ ಪರದೆ ತರಲು ಬಳಸಿ. ಜಾಲರಿ ಇದ್ದರೆ ರಾತ್ರಿ ಕಿಟಕಿ ತೆರೆದಿಡಬಹುದು. ಜಾಲರಿಯಲ್ಲಿ ದೂಳು ತುಂಬಿದರೆ ಗಾಳಿ ಬಾರದು, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಬೇಕು.

ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮೂವರು ಮಲಗಿದರೆ ನಮ್ಮ ಉಸಿರೇ ಗಾಳಿಯನ್ನು ಕೆಡಿಸುತ್ತದೆ. ಹೊರಗೆ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420ರ ಆಸುಪಾಸು. ಮ್ಯೂನಿಕ್‌ನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟನ್‌ಕೋಫರ್ 1858ರಲ್ಲೇ ಒಳಾಂಗಣದಲ್ಲಿ ಇದು ಸಾವಿರ ದಾಟಬಾರದು ಎಂದಿದ್ದರು. ಇಂದಿಗೂ ಗಾಳಿಯಾಟ ಸಾಕಷ್ಟಿದೆಯೇ ಎಂದು ನೋಡಲು ಎಂಜಿನಿಯರುಗಳು ಆ ಸಾವಿರವನ್ನೇ ಹಿಡಿಯುತ್ತಾರೆ. ಸ್ಪ್ಲಿಟ್ ಎ.ಸಿ. ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಬೆಳಿಗ್ಗೆ ಎದ್ದಾಗ ತಲೆ ಭಾರವೆನ್ನುವವರು ಬಾಗಿಲನ್ನು ಒಂದಿಷ್ಟು ತೆರೆದು ಮಲಗಿ ನೋಡಲಿ.

ಬಾಣಂತಿ ಕೋಣೆಯ ಬಗ್ಗೆ ಹೇಳಲೇಬೇಕು, ಹಿರಿಯರು ಬೇಸರಿಸಿಕೊಳ್ಳಬಾರದು. ಗಾಳಿ ಸೋಕಬಾರದೆಂದು ಕಿಟಕಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡ ಇಟ್ಟು, ಮಿಂದ ತಾಯಿ-ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತೇವೆ. ಪ್ರೀತಿಯಿಂದಲೇ ಮಾಡುವ ಆರೈಕೆ ಅದು, ಅದರ ಹಿಂದೆ ತಲೆಮಾರುಗಳ ಕಾಳಜಿಯಿದೆ. ಆದರೆ ಹಸುಗೂಸು ನಮಗಿಂತ ಬೇಗ ಬೇಗ ಉಸಿರಾಡುತ್ತದೆ, ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಮನೆಯೊಳಗಿನ ಹೊಗೆ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಸಂಶಯವಿಲ್ಲದ ಸಂಗತಿ. ಬೆಚ್ಚಗಿಡಲು ಕುಲಾವಿ ಇದೆ, ಕಂಬಳಿ ಇದೆ, ತಾಯಿಯ ಮೈ ಇದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಬೇಡವೇ ಬೇಡ.

ದೇವರ ಮನೆಯ ಊದುಬತ್ತಿಗೂ ಇದೇ ನ್ಯಾಯ. ಮೈಸೂರು ಅಗರಬತ್ತಿ ನಮ್ಮ ನಾಡಿನ ಹೆಮ್ಮೆ, ಸಾವಿರಾರು ಹೆಂಗಸರ ಅನ್ನ. ಆದರೆ ಒಂದು ಗ್ರಾಂ ಬತ್ತಿ ಉರಿದಾಗ ಸುಮಾರು 45 ಮಿಲಿಗ್ರಾಂ ಕಣ ಹೊರಡುತ್ತದೆ, ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10. ಕಂತೆ ಹಚ್ಚುವಲ್ಲಿ ಒಂದೇ ಹಚ್ಚಿ, ಕಿಟಕಿ ತೆರೆದಿಡಿ, ಸಾಧ್ಯವಾದರೆ ತುಳಸಿಕಟ್ಟೆಯ ಮುಂದೆ ಹಚ್ಚಿ. ನಾನು ಕಟ್ಟಿಸುವ ದೇವರ ಮನೆಗಳಿಗೆಲ್ಲ ಮೇಲ್ಗಡೆ ಒಂದು ಕಿಂಡಿ ಇದ್ದೇ ಇರುತ್ತದೆ.

ಹೊಸ ಮನೆಯ ವಾಸನೆ ಕೆಲವರಿಗೆ ಇಷ್ಟ. ಅದು ಬಣ್ಣದ ಆವಿ, ಪ್ಲೈವುಡ್-ಎಂಡಿಎಫ್ ಹಲಗೆಗಳ ಅಂಟಿನಿಂದ ಬಿಡುಗಡೆಯಾಗುವ ಫಾರ್ಮಾಲ್ಡಿಹೈಡ್. ಕ್ಯಾನ್ಸರ್ ಕಾರಕವೆಂದು ಖಚಿತವಾಗಿರುವ ರಾಸಾಯನಿಕ ಅದು. ಸೆಕೆ, ತೇವ ಹೆಚ್ಚಿದಷ್ಟೂ ಹೆಚ್ಚು ಹೊರಬರುತ್ತದೆ. ಗೃಹಪ್ರವೇಶಕ್ಕೆ ಮುಹೂರ್ತ ಸಿಕ್ಕಿತೆಂದು ಬಣ್ಣ ಒಣಗುವ ಮೊದಲೇ ಗರ್ಭಿಣಿಯರು, ಮಕ್ಕಳು ಹೊಸ ಮನೆಯಲ್ಲಿ ಮಲಗುವುದನ್ನು ನೋಡಿದರೆ ನನಗೆ ಸಂಕಟ. ಪೂಜೆ ಮುಹೂರ್ತಕ್ಕೇ ಆಗಲಿ. ವಾಸಕ್ಕೆ ಕೆಲವು ವಾರ ತಡೆಯಿರಿ, ಅಷ್ಟು ದಿನ ಕಪಾಟಿನ ಬಾಗಿಲು, ಕಿಟಕಿ ಎಲ್ಲ ತೆರೆದಿರಲಿ. ಹಲಗೆ ಕೊಳ್ಳುವಾಗ ಇ-1 ಅಥವಾ ಇ-0 ಗುರುತು ಕೇಳಿ.

ಗೋಡೆಗೆ ಬೂಷ್ಟು ಹಿಡಿದಿದ್ದರೆ ಬಣ್ಣ ಬಳಿಸಬೇಡಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಸಿ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ರಸ್ತೆ ಬದಿಯ ಮನೆಯವರು ವಾಹನ ದಟ್ಟಣೆಯ ಹೊತ್ತಿನಲ್ಲಿ, ಬೀದಿಯಲ್ಲಿ ಎಲೆ-ಕಸ ಸುಡುವ ಹೊತ್ತಿನಲ್ಲಿ ರಸ್ತೆಯ ಕಡೆಯ ಕಿಟಕಿ ಮುಚ್ಚಿ ಹಿಂದಿನದನ್ನು ತೆರೆಯಲಿ.

ಗಿಡ ಇಟ್ಟರೆ ಸಾಲದೇ ಎಂದು ಕೇಳುತ್ತಾರೆ. ನಾಸಾಗಾಗಿ ಬಿ.ಸಿ. ವುಲ್ವರ್ಟನ್ 1989ರಲ್ಲಿ ಮಾಡಿದ ಪ್ರಯೋಗದಿಂದ ಬಂದ ನಂಬಿಕೆ ಇದು. ಆ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸಕ್ಕೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು ತಿಳಿಯಿತು. ಗಿಡ ಇಡಿ, ಕಣ್ಣಿಗೆ ತಂಪು. ಗಾಳಿಗೆ ಕಿಟಕಿಯೇ ಬೇಕು.

ಏರ್ ಪ್ಯೂರಿಫೈಯರ್ ಉಬ್ಬಸದವರಿಗೆ, ದೊಡ್ಡ ರಸ್ತೆಯ ಪಕ್ಕದ ಮನೆಗೆ ಉಪಯುಕ್ತ. ಹೆಪಾ ಫಿಲ್ಟರ್ 0.3 ಮೈಕ್ರೋಮೀಟರಿನ ಕಣಗಳಲ್ಲಿ ಶೇ 99.97ನ್ನು ಹಿಡಿಯುತ್ತದೆ. ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎನ್ನುವ ಸಿಎಡಿಆರ್ ಅಂಕಿ ನೋಡಿ: ಹನ್ನೆರಡಡಿ ಚೌಕದ, ಹತ್ತಡಿ ಎತ್ತರದ ಕೋಣೆಗೆ ಗಂಟೆಗೆ ಐದು ಸಲ ಗಾಳಿ ತಿರುಗಬೇಕಾದರೆ ಸುಮಾರು 200 ಘನಮೀಟರ್ ಬೇಕು. ಓಝೋನ್ ಬಿಡುವ ಯಂತ್ರ ಬೇಡ, ಅದು ಶ್ವಾಸಕೋಶವನ್ನು ಕೆರಳಿಸುತ್ತದೆ. ಅಡುಗೆಮನೆಯ ಹೊಗೆಗೆ ದಾರಿ ಮಾಡದೆ ಹಾಲ್‌ನಲ್ಲಿ ಇದನ್ನು ಇಡುವುದನ್ನು ನಾನು ಒಪ್ಪುವುದಿಲ್ಲ, ಟಿ.ವಿ. ನೋಡುವವರಿಗೆ ಶುದ್ಧ ಗಾಳಿ, ಅಡುಗೆ ಮಾಡುವವಳಿಗೆ ಹೊಗೆ ಎಂದಾಗುತ್ತದೆ. ಇನ್ನೊಂದು ಮಾತು: ಯಾವ ಪ್ಯೂರಿಫೈಯರೂ ಕಾರ್ಬನ್ ಮೋನಾಕ್ಸೈಡ್‌ನಿಂದ ಕಾಪಾಡದು.

ಆ ಅನಿಲ ನಮ್ಮ ಮನೆಗಳಲ್ಲಿ ಕೊಲ್ಲುವುದು ಬಚ್ಚಲಲ್ಲಿ. ಗ್ಯಾಸ್ ಗೀಸರ್ ಉರಿಯಲು ಆಮ್ಲಜನಕ ಬೇಕು. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ, ಉರಿದು ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಬರುತ್ತದೆ; ಚಿಲಕ ತೆಗೆಯಬೇಕೆನಿಸುವಷ್ಟರಲ್ಲಿ ಕೈಕಾಲು ಏಳುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ ಹಾಕಿಸಿ, ಬಿಸಿನೀರಷ್ಟೇ ಪೈಪಿನಲ್ಲಿ ಒಳಗೆ ಬರಲಿ. ಬಾಡಿಗೆ ಮನೆಯಲ್ಲಿ ಅದು ಒಳಗೇ ಇದ್ದರೆ ಮಾಲೀಕರಿಗೆ ಹೇಳಿ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು-ಕಿಟಕಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಸ್ನಾನಕ್ಕೆ ಹೋದವರು ತಡಮಾಡಿದರೆ, ಕರೆದರೆ ಓಗೊಡದಿದ್ದರೆ, ಬಾಗಿಲು ಮುರಿದು ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ವೈದ್ಯರಿಗೆ ಮೊದಲ ಮಾತಿನಲ್ಲೇ ಗ್ಯಾಸ್ ಗೀಸರ್ ಎಂದು ಹೇಳಿಬಿಡಿ: ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕವೆಂದೇ ಓದಿ, ಎಲ್ಲ ಸರಿಯಿದೆ ಎನ್ನುವಂಥ ಅಂಕಿಯನ್ನು ತೋರಿಸುತ್ತದೆ.